ಬಲತೋಳಿನ ನೀಲಿ ಗೆರೆಗಳು

ಎಡಗೈ!

ಮದುವೆಯಾದ ಮೂರು ತಿಂಗಳಿಗೆ ಭದ್ರಾವತಿಯ ಗಂಡನ ಮನೆಗೆ ಬಂದ ಸುವರ್ಣ, ತಾನೇ ಮಡಿಸಿದ ಮೊದಲ ವೀಳ್ಯ ಕೊಟ್ಟರೆ ಗಂಡ ಶಿವಯೋಗಪ್ಪ ಎಡಗೈ ಚಾಚಿದ್ದ. ಬಲಗೈ ಕೋಟಿನ ಜೇಬಿನಿಂದ ಹೊರಗೇ ಬರಲಿಲ್ಲ.

ವೀಳ್ಯವನ್ನು ಯಾರಾದರೂ ಎಡಗೈಯಲ್ಲಿ ತೆಗೆದುಕೊಳ್ಳುತ್ತಾರಾ? ನಾನು ಅಷ್ಟೊಂದು ಬೇಡವಾದೆನಾ...

ಅವನು ಕಬ್ಬಿಣದ ಕಾರ್ಖಾನೆಯ ನೌಕರ. ಊಟವನ್ನೂ ಹೊರಗೇ ಮುಗಿಸಿ ಬರುತ್ತಿದ್ದ.

ಮೂರನೆಯ ಬೆಳಿಗ್ಗೆ, ಅವನು ಮುಖ ತೊಳೆಯುವಾಗ ಬಲತೋಳು ಕಂಡಿತು. ತೋಳಿನ ಮೇಲೆ ನೀಲಿ ಶಾಯಿಯ ಅಡ್ಡಗೆರೆಗಳು! ಪಕ್ಕದಲ್ಲಿ ದುಂಡಗಿನ ಅಕ್ಷರದ ತಾರೀಖುಗಳು. ಮೇಲಿನವು ಮಾಸಿದ್ದವು, ಕೆಳಗಿನದು ಹೊಸದು.

"ರೀ, ಇದನ್ನ ಯಾರು ಬರೆದಿದ್ದು?"

"ಶಿವಮೊಗ್ಗ ಆಸ್ಪತ್ರೆ ನರ್ಸು, ಸೀತಾಲಕ್ಷ್ಮಿ. ಇವತ್ತೂ ಹೋಗ್ಬೇಕು." ಅಷ್ಟು ಹೇಳಿ ಹೊರಟೇಬಿಟ್ಟ!

ಕಾಯಿಲೆಗೆ ಔಷಧಿ ಕೊಡುತ್ತಾರೆ, ಸರಿ. ಗಂಡಸಿನ ತೋಳಿನ ಮೇಲೆ ಬರೆಯುತ್ತಾರಾ? ಸುವರ್ಣ ಬಟ್ಟೆ ಗಂಟು ಕಟ್ಟಿದಳು. ಆ ನರ್ಸನ್ನು ಒಮ್ಮೆ ಕಣ್ಣಾರೆ ನೋಡಿ, ಅಲ್ಲಿಂದ ನೇರ ಕುಂಸಿಯ ತವರಿಗೆ!

ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು ಆಸ್ಪತ್ರೆಯ ಕಿಟಕಿಯಲ್ಲಿ ಇಣುಕಿದಳು. ಗಂಡ ಕಣ್ಣು ಮುಚ್ಚಿ ಬೆಂಚಿನ ಮೇಲೆ ಕೂತಿದ್ದ. ಬಿಳಿ ಸೀರೆಯ ಹೆಣ್ಣೊಬ್ಬಳು ಅವನ ಕೈ ಹಿಡಿದು ಹತ್ತಿಯಿಂದ ಸವರುತ್ತಿದ್ದಳು.

"ಈಗ?"

"ಹ್ಞೂಂ... ಗೊತ್ತಾಗ್ತಿದೆ!" ಅವನು ನಕ್ಕ. ಆ ನಗು ಸುವರ್ಣಳಿಗೆ ಒಮ್ಮೆಯೂ ಸಿಕ್ಕಿರಲಿಲ್ಲ.

"ಅವರ ಕೈ ಬಿಡಿ!" ಬಾಗಿಲಲ್ಲಿ ನಿಂತು ಕೂಗಿದಳು.

ಸೀತಾಲಕ್ಷ್ಮಿ ಬೆಚ್ಚಿ ಬಿಟ್ಟುಬಿಟ್ಟಳು. ತೋಳು ದೊಪ್ಪನೆ ಬೆಂಚಿನ ಮೇಲೆ ಬಿತ್ತು. ಎತ್ತಿಕೊಳ್ಳಲು ಅವನಿಂದ ಆಗಲೇ ಇಲ್ಲ.

ಸುವರ್ಣ ಬೆಂಚಿನ ಹತ್ತಿರ ಬಂದಳು.

"ಮದುವೆ ಆದ ವಾರಕ್ಕೇ ಯಂತ್ರದ ಬೆಲ್ಟು ಕೈ ಎಳ್ಕೊಂಡ್ಬಿಡ್ತು," ಎಂದ ಅವನು, ತಲೆ ತಗ್ಗಿಸಿ.

ನರ್ಸು ತನ್ನ ಕತ್ತು ಮುಟ್ಟಿ ತೋರಿಸಿದಳು. "ಇಲ್ಲಿ ಬೆನ್ನುಹುರಿಯಿಂದ ಐದು ನರ ಹೊರಡ್ತವೆ ತಾಯಿ. ಕಂಕುಳದವರೆಗೂ ಜಡೆ ಹೆಣೆದಂಗೆ ಕೂಡ್ಕೊಂಡು, ಮತ್ತೆ ಬಿಡಿಬಿಡಿಯಾಗಿ ಬೆರಳಿಗಿಳೀತವೆ. ಇವರಿಗೆ ಆ ಹೆಣಿಗೆ ಜಗ್ಗಿಹೋಗಿದೆ. ಕಡಿದಿಲ್ಲ, ಪುಣ್ಯ. ದಿನಕ್ಕೆ ಎಳ್ಳಷ್ಟು ದೂರ ಚಿಗುರ್ತದೆ. ಸ್ಪರ್ಶ ಎಲ್ಲೀವರೆಗೆ ಬಂತೋ ಅಲ್ಲಿಗೊಂದು ಗೆರೆ."

"ನನಗ್ಯಾಕೆ ಹೇಳ್ಲಿಲ್ಲ?"

"ಕೈಲಾಗದೋನು ಅಂತ ತವರಿಗೆ ಹೊರಟುಬಿಡ್ತೀಯೇನೋ ಅಂತ ಭಯ..."

ಕೈಯಲ್ಲಿದ್ದ ಗಂಟನ್ನು ಸುವರ್ಣ ಮೆಲ್ಲಗೆ ಬೆಂಚಿನಡಿ ಇಟ್ಟು ಕಾಲಿನಿಂದ ಒಳಕ್ಕೆ ತಳ್ಳಿದಳು. ಕಣ್ಣು ತುಂಬಿತ್ತು. ಆದರೂ ಹೊಟ್ಟೆಕಿಚ್ಚು ಪೂರ್ತಿ ಆರಿರಲಿಲ್ಲ, ಸುಳ್ಳು ಯಾಕೆ?

"ಆ ಹತ್ತಿ, ಶಾಯಿ ಇಲ್ಲಿ ಕೊಡಿ. ಇನ್ಮೇಲೆ ಗೆರೆ ನಾನೇ ಎಳೀತೀನಿ."

"ಅಬ್ಬಾ! ನನಗೊಂದು ಕೆಲಸ ಕಮ್ಮಿ ಆಯ್ತು," ಎಂದು ಸೀತಾಲಕ್ಷ್ಮಿ ನಗುತ್ತಾ ಹೊರನಡೆದಳು.

ಅವನು ಮತ್ತೆ ಕಣ್ಣು ಮುಚ್ಚಿದ. ಸುವರ್ಣ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಇಲ್ಲ. ಅಂಗೈ... ಇಲ್ಲ. ಮಣಿಕಟ್ಟು, ಮೊಳಕೈ... ಇಲ್ಲ. ಅದರ ಮೇಲೆ, ತೋಳು.

"ಇದು ಹತ್ತಿ ಅಲ್ಲ," ಎಂದ ಅವನು, ಕಣ್ಣು ಮುಚ್ಚಿಯೇ. "ನಿನ್ನ ಬೆರಳು."

ಅವಳು ಅಲ್ಲೇ ಗೆರೆ ಎಳೆದು ತಾರೀಖು ಹಾಕಿದಳು.

"ಬೆರಳ ತುದಿಗೆ ಬರೋಕೆ ಇನ್ನೂ ಒಂದು ವರ್ಷ ಬೇಕಂತೆ, ಮಾರಾಯ್ತಿ. ಅಲ್ಲೀವರೆಗೆ ನಿನ್ನ ವೀಳ್ಯಕ್ಕೆ ಎಡಗೈಯೇ ಗತಿ. ಬೇಜಾರಿಲ್ವಾ?"

"ಎಡಗೈಯೂ ಬೇಡ," ಎಂದಳು ಸುವರ್ಣ. "ಸುಮ್ನೆ ಬಾಯಿ ತೆಗೀರಿ, ಸಾಕು!"