ಲಾಮೋ ಟೀಚರ್‌ಗೆ ಒಂದು ನಿಮಿಷ

"ಅಜ್ಜಿ, ಪ್ಲೀಸ್. ನಾಳೆ ಫಾರ್ಮ್ ಕೊಡ್ಬೇಕು. ನಾನು ನೀವಾಗ್ತೀನಿ."

"ಬೇಡ ಪುಟ್ಟಿ," ಎಂದರು ರಾಜಲಕ್ಷ್ಮಿ ಅಜ್ಜಿ, ಬೀನ್ಸ್ ನಾರು ತೆಗೆಯುತ್ತಾ. "ಬೊಂಬೆ ಮಾಡಿ ನಿಲ್ಲಿಸೋ ಅಂಥದ್ದು ನಾನೇನು ಮಾಡಿದೀನಿ?"

ಹರಿಣಿ ಅಮೆರಿಕದ ಫೋರ್ಟ್ ಮಿಲ್ ಊರಿನ ಶಾಲೆಯಲ್ಲಿ ಐದನೇ ಕ್ಲಾಸು. ಶುಕ್ರವಾರ ಅಲ್ಲಿ ವ್ಯಾಕ್ಸ್ ಮ್ಯೂಸಿಯಂ. ಮಕ್ಕಳು ಒಬ್ಬೊಬ್ಬ ದೊಡ್ಡ ವ್ಯಕ್ತಿಯ ವೇಷ ಹಾಕಿ ಮೇಣದ ಬೊಂಬೆಯಂತೆ ನಿಲ್ಲಬೇಕು. ಕಾಲ ಬಳಿ ಅಂಟಿಸಿದ ಕಾಗದದ ಕೆಂಪು ಬಟನ್ ಯಾರಾದರೂ ತುಳಿದರೆ ಬೊಂಬೆಗೆ ಜೀವ ಬರುತ್ತದೆ. ಒಂದು ನಿಮಿಷ ತನ್ನ ಕತೆ ಹೇಳಿ ಮತ್ತೆ ಸ್ತಬ್ಧ.

"ಲಡಾಖ್‌ನಲ್ಲಿ ಮೂರು ವರ್ಷ ಮ್ಯಾಥ್ಸ್ ಟೀಚ್ ಮಾಡಿದ್ರಲ್ಲ. ಅಷ್ಟು ಸ್ನೋನಲ್ಲಿ. ದಟ್ಸ್ ಹ್ಯೂಜ್, ಅಜ್ಜಿ."

"ಸರ್ಕಾರ ಟ್ರಾನ್ಸ್‌ಫರ್ ಮಾಡ್ತು, ಹೋದೆ. ಮತ್ತೆ ಮಾಡ್ತು, ಬಂದೆ. ದೊಡ್ಡವಳು ಅಂದ್ರೆ ಲಾಮೋ. ನನ್ನ ಕ್ಲಾಸಿನ ಹುಡುಗಿ. ಚಳಿಗಾಲದಲ್ಲಿ ಅವಳ ಕಣಿವೆಗೆ ರಸ್ತೆನೇ ಇರ್ತಿರಲಿಲ್ಲ. ಹೆಪ್ಪುಗಟ್ಟಿದ ನದಿ ಮೇಲೆ ಅಪ್ಪನ ಜೊತೆ ಆರು ದಿನ ನಡೆದು ನಮ್ಮ ಶಾಲೆಗೆ ಬಂದಳು. ಬಂದವಳೇ ಕೇಳಿದ್ದೇನು ಗೊತ್ತಾ? 'ಮಿಸ್, ಭಿನ್ನರಾಶಿ ಮುಗಿದುಹೋಯ್ತಾ?'"

"ಆಮೇಲೆ?"

"ಓದಿ ಮುಗಿಸಿ ಅದೇ ಕಣಿವೆಗೆ ವಾಪಸ್ ಹೋದಳು. ಈಗ ಅಲ್ಲೇ ಶಾಲೆ ಇದೆ. ಅವಳೇ ಟೀಚರ್."

ಹರಿಣಿ ಟ್ಯಾಬ್‌ನಲ್ಲಿ ಹುಡುಕಿದಳು. "ಗೂಗಲ್‌ನಲ್ಲಿ ಇಲ್ವಲ್ಲ."

"ಗೂಗಲ್ ಅಷ್ಟು ಎತ್ತರ ಹತ್ತಿಲ್ಲ, ಅಷ್ಟೆ."

ಮರುದಿನ ಟೀಚರ್ ಮಿಸೆಸ್ ಟರ್ನರ್ ಫಾರ್ಮಿನಲ್ಲಿ ಲಾಮೋ ಹೆಸರು ನೋಡಿ ಅಡ್ಡ ತಲೆಯಾಡಿಸಿದರು. "ಈ ಹೆಸರು ಪಟ್ಟಿಯಲ್ಲಿಲ್ಲ, ಹರಿಣಿ. ನಮ್ಮ ಲೈಬ್ರರಿಯಲ್ಲಿ ಯಾರ ಬಗ್ಗೆ ಪುಸ್ತಕ ಇದೆಯೋ ಅವರಲ್ಲೇ ಒಬ್ಬರನ್ನು ಆರಿಸಬೇಕು."

"ಪುಸ್ತಕ ಇಲ್ಲದವರು ದೊಡ್ಡವರಲ್ವಾ?" ಕೇಳಿದಳು ಹರಿಣಿ. "ಈ ಪಟ್ಟಿ ಮಾಡಿದವರು ಯಾರು?"

ಟೀಚರ್ ಕೈಯಲ್ಲಿದ್ದ ಪೆನ್ನು ನಿಂತಿತು. "ನಾನೇ," ಎಂದರು. "ಸರಿ. ಅವರನ್ನೇ ಮಾತಾಡಿಸಿ ಬರೆದುಕೊಂಡು ಬಾ. ಗುರುವಾರದೊಳಗೆ ತರಲಿಲ್ಲ ಅಂದ್ರೆ ಪಟ್ಟಿಯಿಂದಲೇ ಒಬ್ಬರು."

ಗುರುವಾರ ಬೆಳಿಗ್ಗೆ, ಸ್ಕೂಲ್ ಬಸ್ ಬರುವ ಮುಂಚೆ, ಅಜ್ಜಿಯ ಫೋನಿನಲ್ಲಿ ವಿಡಿಯೊ ಕಾಲ್‌ಗೆ ಲಾಮೋ ಸಿಕ್ಕರು. ಅಲ್ಲಿ ಸಂಜೆ. ಕೆಂಪು ಕೆನ್ನೆ, ಕಪ್ಪು ಟೋಪಿ.

"ನೀವು ಶಾಲೆ ಕಟ್ಟಿದ್ದು ಹೇಗೆ?" ಹರಿಣಿ ಇಂಗ್ಲಿಷಿನಲ್ಲಿ ಕೇಳಿದಳು.

"ನಾನು ಕಟ್ಟಲಿಲ್ಲ," ಎಂದರು ಲಾಮೋ. "ನದಿಯಿಂದ ಕಲ್ಲು ಹೊತ್ತು ತಂದವರು ನಮ್ಮೂರಿನ ಮೂವತ್ತು ಹೆಂಗಸರು. ಅವರಲ್ಲಿ ಒಬ್ಬರಿಗೂ ಓದಲು ಬರುತ್ತಿರಲಿಲ್ಲ. ಅದನ್ನು ಬರೆದುಕೋ ಮೊದಲು."

"ಅವರ ಹೆಸರು?"

"ಇದುವರೆಗೆ ಯಾರೂ ಕೇಳಿರಲಿಲ್ಲ," ಎಂದ ಲಾಮೋ ಒಂದೊಂದೇ ಹೆಸರು ಹೇಳತೊಡಗಿದರು. ಹರಿಣಿ ಬರೆಯುತ್ತಲೇ ಇದ್ದಳು. ಹೊರಗೆ ಬಸ್ಸು ಬಂದು ಹೋಯಿತು. ಅಮ್ಮ ಗೊಣಗುತ್ತಾ ಕಾರ್ ಕೀ ಹುಡುಕಿದರು.

ಶುಕ್ರವಾರ ಕೆಫೆಟೇರಿಯಾ ತುಂಬಾ ಬೊಂಬೆಗಳು. ಪಕ್ಕದಲ್ಲಿ ಗಗನಯಾತ್ರಿಯಾಗಿದ್ದ ಸಹಪಾಠಿ ಯಶವಂತ್ ಮುಂದೆ ಉದ್ದ ಸಾಲು. ಅಜ್ಜಿಯ ಉಣ್ಣೆ ಶಾಲು ಹೊದ್ದ ಹರಿಣಿಯ ಮುಂದೆ ಯಾರೂ ಇಲ್ಲ.

"ನಿನ್ನ ಪರ್ಸನ್ ಯಾರಿಗೂ ಗೊತ್ತಿಲ್ಲ," ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ ಯಶವಂತ್.

"ಅದಕ್ಕೇ ನಿಂತಿದೀನಿ," ಎಂದಳು ಹರಿಣಿ, ಅವಳೂ ತುಟಿ ಅಲ್ಲಾಡಿಸದೆ.

ಕೊನೆಗೆ ಒಂದು ಪುಟ್ಟ ಶೂ ಬಟನ್ ತುಳಿಯಿತು. ಕಿಂಡರ್‌ಗಾರ್ಟನ್ ಹುಡುಗಿ.

"ನಾನು ಲಾಮೋ. ನಮ್ಮೂರಲ್ಲಿ ಒಂದು ಶಾಲೆ ಇದೆ. ಅದಕ್ಕೆ ಕಲ್ಲು ಹೊತ್ತವರು ದೋಲ್ಕರ್. ಎದೆಗೆ ಮಗು ಕಟ್ಟಿಕೊಂಡೇ ಹೊತ್ತ ಕುನ್ಜೆಸ್. ಯಾಂಗ್‌ಸ್ಕಿತ್..." ಒಂದೊಂದು ಹೆಸರನ್ನೂ ನಿಧಾನವಾಗಿ ಹೇಳಿದಳು. ಹತ್ತನೆಯದಕ್ಕೆ ನಿಮಿಷ ಮುಗಿಯಿತು.

"ನಿನ್ನ ಪರ್ಸನ್ ಬಗ್ಗೆ ಏನೂ ಹೇಳ್ಲೇ ಇಲ್ಲ," ಎಂದ ಯಶವಂತ್. "ಟೈಮೆಲ್ಲಾ ಹೆಸರಲ್ಲೇ ವೇಸ್ಟ್."

ಆ ಪುಟ್ಟ ಹುಡುಗಿ ಗೆಳತಿಯ ಕೈಹಿಡಿದು ಎಳೆದುಕೊಂಡು ಮತ್ತೆ ಇತ್ತಲೇ ಬರುತ್ತಿದ್ದಳು. ಹರಿಣಿ ಶಾಲು ಸರಿಮಾಡಿಕೊಂಡು, ಹನ್ನೊಂದನೆಯ ಹೆಸರನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ನೆಟ್ಟಗೆ ನಿಂತಳು.