ತೊಟ್ಟಿಯಲ್ಲಿ ಕದಡಿದ ಕೆಂಪು

ಪ್ಲೇಗು ಬಂದು ಹೋದ ಮಾರನೆಯ ವರ್ಷದ ಮಾತು. ಚಳ್ಳಕೆರೆಯ ಆ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡಿರು ಮಾತಾಡುವ ರೂಢಿ ಇರಲಿಲ್ಲ. ಅದಕ್ಕೇ ಮೊಳಕಾಲ್ಮೂರಿನಿಂದ ಹೊಸದಾಗಿ ಬಂದ ಸೊಸೆ ಹೊನ್ನಕ್ಕ, ಬಚ್ಚಲಿನ ನೀರಿನ ತೊಟ್ಟಿಯ ಜೊತೆ ಮಾತಾಡುತ್ತಿದ್ದಳು.

ಕೋಳಿ ಕೂಗುವ ಮೊದಲೇ ಬಾವಿಯಿಂದ ಸೇದಿ ತೊಟ್ಟಿಯನ್ನು ಅಂಚಿನವರೆಗೆ ತುಂಬುವಳು. ಬಿಸಿಲೇರುವಷ್ಟರಲ್ಲಿ ನೀರು ಅರ್ಧಕ್ಕಿಳಿದಿರುತ್ತಿತ್ತು.

"ತುಂಬಿದ್ರೆ ನೀರೇನು ರೆಕ್ಕೆ ಕಟ್ಕೊಂಡು ಹಾರೋಗ್ತೈತಾ, ಮೈಗಳ್ಳಿ?" ಎಂದಳು ಅತ್ತೆ ಬೋರಕ್ಕ. "ಸೋಮವಾರ ಗಾಡಿ ಕಟ್ಟಿಸ್ತೀನಿ. ತವರಲ್ಲಿ ಕೆಲ್ಸ ಕಲ್ತು ಬಾ."

ಮಧ್ಯಾಹ್ನ ಹೊನ್ನಕ್ಕ ತೊಟ್ಟಿಗೆ ಕೆನ್ನೆ ಆನಿಸಿದಳು. "ಎಲ್ಲಿ ನೋವಾಗೈತೆ, ಹೇಳೇ ತಾಯಿ."

"ತೊಟ್ಟೀ, ಹಿತ್ತಲ ಕಡೆ ಹಸಿ ಐತೆ ಅಂತ ಹೇಳು," ಎಂದಿತು ಗೋಡೆಯಾಚೆಯ ದನಿ. ಗಂಡ ಸೂರಪ್ಪನದು! "ಆದ್ರೆ ಮಿಂದ ನೀರೂ ಇಲ್ಲೇ ಹರಿತೈತೆ. ಸೋರಿದ್ದು ಯಾವುದೋ, ಮಿಂದದ್ದು ಯಾವುದೋ!"

ಹೊನ್ನಕ್ಕನ ತವರಲ್ಲಿ ರೇಷ್ಮೆ ನೂಲಿಗೆ ಬಣ್ಣ ಕಟ್ಟುತ್ತಿದ್ದರು. ಹೊರಡುವಾಗ ಅಪ್ಪ ಕೊಟ್ಟಿದ್ದ ಕೆಂಪು ಬಣ್ಣದ ಉಂಡೆಯೊಂದು ಪೆಟ್ಟಿಗೆಯಲ್ಲಿತ್ತು. ಮನೆ ನೆನಪಾದಾಗ ಅದನ್ನೇ ಮೂಸುತ್ತಿದ್ದಳು. ಈಗ ಕಣ್ಣು ಮುಚ್ಚಿ, ಪುಡಿ ಮಾಡಿ, ನೀರಿಗೆ ಕದಡಿಬಿಟ್ಟಳು.

"ತೊಟ್ಟೀ, ಕೆಂಪು ಎಲ್ಲಿ ಇಣುಕುತೈತೋ ನೋಡು ಅನ್ನು."

ಆಚೆ ಬಳ್ಳಿ ಸರಿಸುವ ಸದ್ದು. ಆಮೇಲೊಂದು ಕೂಗು: "ಬಂತು! ಬಸಳೆ ಬುಡದಾಗೆ, ಕಲ್ಲಿನ ಸಂದಿಂದ... ಅಯ್ಯೋ, ನನ್ ಕಾಲು!"

ಓಡಿ ಬಂದವನ ಪಾದಗಳು ಹಸೆಮಣೆಯಿಂದ ಈಗಷ್ಟೇ ಎದ್ದ ಮದುಮಗನವು ಅನ್ನುವಷ್ಟು ಕೆಂಪು. ಹೊನ್ನಕ್ಕ ಸೆರಗು ಕಚ್ಚಿದಳು. ಅವನು ನೋಡಿದ್ದು ಅವಳ ಕೆಂಪಾದ ಅಂಗೈಗಳನ್ನು, ಆಮೇಲೆ ಕೆನ್ನೆಯನ್ನು.

"ತೊಟ್ಟೀ, ಇವ್ಳಿಗೆ ನಗೋಕೂ ಬರ್ತೈತಾ?"

ಸುಣ್ಣ, ಮರಳು, ಬೆಲ್ಲದ ನೀರು ಕಲಸಿ ಅವನು ಹಿತ್ತಲಿಗೆ ಹೊರಟ.

"ಹೊರಗಿಂದ ಮೆತ್ತಿದ್ರೆ ನೀರು ನೂಕ್ತೈತೆ, ತೊಟ್ಟೀ. ಒಳಗಿಂದ ಮೆತ್ಬೇಕು ಅನ್ನು," ಎಂದಳು ಹೊನ್ನಕ್ಕ.

ನೀರನ್ನೆಲ್ಲ ಬಳಿದು ಹಾಕಿ ಇಬ್ಬರೂ ಬಗ್ಗಿದರು. ಒಂದೇ ಬುಟ್ಟಿಯ ಗಾರೆಗೆ ಎರಡು ಕೈ. ಬೆರಳಿಗೆ ಬೆರಳು ತಾಗಿತು. ಯಾರೂ ಮೊದಲು ತೆಗೆಯಲಿಲ್ಲ.

ಗಾರೆ ಒಣಗಿತು. ಸೋಮವಾರ ಗಾಡಿ ಬಾಗಿಲಿಗೆ ಬಂತು. ಬೋರಕ್ಕ ತೊಟ್ಟಿಗೆ ಕೈಯಿಟ್ಟಳು. ಬಿಸಿಲು ನೆತ್ತಿಗೇರಿದ್ದರೂ ನೀರು ಅಂಚಿನಲ್ಲೇ ತುಳುಕುತ್ತಿತ್ತು. ಅವಳು ಮಗನ ಪಾದ ನೋಡಿದಳು, ಸೊಸೆಯ ಅಂಗೈ ನೋಡಿದಳು. ರೇಷ್ಮೆಯ ಬಣ್ಣ ಅಷ್ಟು ಬೇಗ ಬಿಡುವುದಲ್ಲ.

ಸೂರಪ್ಪ ಕೆಮ್ಮಿದ. "ತೊಟ್ಟೀ, ಮೊಳಕಾಲ್ಮೂರಿನೋಳು ಗಾಡಿ ಹತ್ತುತಾಳಾ, ಕೇಳು."

ಹೊನ್ನಕ್ಕ ತಲೆಯೆತ್ತಿದಳು. ಹಾಡಹಗಲು, ಅತ್ತೆಯ ಎದುರೇ, ಅವನ ಕಣ್ಣಲ್ಲಿ ಕಣ್ಣಿಟ್ಟಳು. "ತೊಟ್ಟಿ ಯಾಕ್ರೀ? ನನ್ನೇ ಕೇಳ್ರಿ."

"ಹೋಗ್ತೀಯಾ?"

"ಇಲ್ಲ."

ಬೋರಕ್ಕ ಗಾಡಿಯವನಿಗೆ ಹೋಗೆಂದು ಕೈಬೀಸಿದಳು. ಬಾಯಂಚಿನ ನಗೆ ಕಾಣದಂತೆ ಬಚ್ಚಲ ಕಡೆ ತಿರುಗಿ,

"ನೋಡ್ದ್ಯಾ ತೊಟ್ಟೀ," ಎಂದಳು, "ಇವ್ರಿಬ್ರಿಗೂ ನಾಚ್ಕೆ ಅನ್ನೋದು ಐತಾ?"