ನೂರ ಹದಿನೆಂಟನೆಯ ಹಾಳೆ

ಅಲ್ಕಾವೆ ದ್ವೀಪದ ದವಾಖಾನೆಯ ನರ್ಸ್ ಹದಿನೇಳು ಸಲ ಫೋನು ಮಾಡಿದ್ದಳು. ಹದಿನೇಳು ಸಲವೂ ಆ ಕಡೆಯಿಂದ ಸದ್ದಿಲ್ಲ. ಮಂಚದ ಮೇಲೆ ಕ್ಲೋರಿಂದಾ ಎದೆ ಹಿಡಿದುಕೊಂಡು ಮಲಗಿದ್ದಳು. ಐವತ್ತೆರಡರ ಗಟ್ಟಿ ಹೆಂಗಸು, ಬೆಳಿಗ್ಗೆ ತಾನೇ ಕಡಲ ದಂಡೆಯಲ್ಲಿ ಚಿಪ್ಪು ಆಯ್ದು ಬಂದವಳು. ಕಾಸ್ತ್ರೋ ಪಟ್ಟಣದಿಂದ ಆಂಬುಲೆನ್ಸ್ ದೋಣಿ ಬರಲು ನಲವತ್ತು ನಿಮಿಷ ಸಾಕು. ಆದರೆ ಕರೆಯಬೇಕಲ್ಲ?

ಶುಕ್ರವಾರ ಸಂಜೆ ಏಳೂ ಹತ್ತಕ್ಕೆ ಫೋನಿಗೆ ಜೀವ ಬಂತು. ಅಷ್ಟರಲ್ಲಿ ಕ್ಲೋರಿಂದಾಳದು ಹೋಗಿತ್ತು.

ಮಂಗಳವಾರ ಮಧ್ಯಾಹ್ನ ಎದುವೀನಾ ಬಾರ್ರಿಯಾ ಫೋನ್ ಕಂಪನಿಯ ಕಾಸ್ತ್ರೋ ಕಚೇರಿಗೆ ಬಂದಳು. ಒಂದು ಕಾಲದಲ್ಲಿ ಇದೇ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದವಳು. ಬಿಟ್ಟು ಆರು ವರ್ಷವಾಗಿತ್ತು. ಈಗ ಎಲ್ಲಿ ಜಾಲ ಕೆಟ್ಟರೂ, ಯಾಕೆ ಕೆಟ್ಟಿತು ಎಂದು ಪತ್ತೆ ಮಾಡುವುದೇ ಅವಳ ಕಸುಬು. ಅವಳನ್ನು ಕರೆಸಿದ್ದು ನಿಯಮಕ್ಕಾಗಿ ಮಾತ್ರ. ತಪ್ಪಿತಸ್ಥನ ಹೆಸರನ್ನು ಆಗಲೇ ಬರೆದಿಟ್ಟಿದ್ದರು — ರೆಮಿಹಿಯೋ ವೆಂಚುರ್.

ಮೇಲಧಿಕಾರಿ ದೋನ್ ಎವರಿಸ್ತೊ ಕಥೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಿದ. ದ್ವೀಪಕ್ಕೆ ಸಂಪರ್ಕ ಕೊಡುವ ಗುಡ್ಡದ ಟವರಿನಲ್ಲಿ ಎರಡು ದಾರಿ. ಮುಖ್ಯ ದಾರಿಯನ್ನು ರಿಪೇರಿಗಾಗಿ ಶುಕ್ರವಾರ ಆರು ಗಂಟೆಗೆ ಒಂದು ತಾಸಿನ ಮಟ್ಟಿಗೆ ನಿಲ್ಲಿಸುವುದಿತ್ತು. ಅದಕ್ಕೆ ಮೊದಲು ದವಾಖಾನೆಯ ಫೋನನ್ನು ಎರಡನೇ ದಾರಿಗೆ ಹಾಕಬೇಕಾದವನು ರೆಮಿಹಿಯೋ. ಹಾಕಲಿಲ್ಲ. ರಿಪೇರಿ ನಡೆಯುತ್ತಿದೆ ಅಂತ ಕಚೇರಿಯ ಅಲಾರಮನ್ನೂ ನಿಲ್ಲಿಸಿಟ್ಟಿದ್ದರಿಂದ ಯಾರಿಗೂ ತಿಳಿಯಲಿಲ್ಲ. ವರದಿ ಇವತ್ತೇ ಆರಕ್ಕೆ ಸಾಂತ್ಯಾಗೋದ ಮುಖ್ಯ ಕಚೇರಿ ಸೇರಬೇಕು. ಹೋದರೆ ಅವನ ಕೆಲಸ ಹೋಯಿತು, ಮೇಲೆ ಪೊಲೀಸ್ ಕೇಸು.

ರೆಮಿಹಿಯೋ ಕೀಲು ಸಡಿಲವಾದ ಕೈತೋಟದ ಗೇಟಿನಂತೆ ಒಂದು ಕಡೆ ವಾಲಿಕೊಂಡು ಕೂತಿದ್ದ. ಅವನೂ ಅಲ್ಕಾವೆಯವನೇ. ಹೆಂಡತಿ ಅಲ್ಲಿದ್ದಾಳೆ. ಶನಿವಾರ ಊರಿಗೆ ಹೊರಟಾಗ ದೋಣಿಯವನು ಹತ್ತಿಸಿಕೊಂಡಿರಲಿಲ್ಲ.

"ಹಾಕಿದ್ಯಾ?" ಎಂದು ಎದುವೀನಾ ಕೇಳಿದಳು.

"ಹಾಕಿದೆ ದೋನ್ಯಾ ಎದು."

"ಎಷ್ಟು ಹೊತ್ತಿಗೆ?"

"ಐದೂ ಇಪ್ಪತ್ತೈದು."

"ಯಾರು ನೋಡಿದ್ರು?"

"ಯಾರಿರ್ತಾರೆ? ಎಲ್ಲ ಚಹಾಕ್ಕೆ ಹೋಗಿದ್ರು. ಆರೂವರೆ ದೋಣಿ ಹಿಡಿಯೋಣ ಅಂತ ನಾನೊಬ್ಬನೇ ಕೂತು ಮುಗಿಸಿದೆ. ಕೊನೆಗೆ ದೋಣಿನೂ ತಪ್ಪಿತು." ಆಮೇಲೆ ಅವನೇ ಕೇಳಿದ: "ನಿಜ ಹೇಳಿ. ಮಾಡ್ದೇನೇ ಮಾಡಿದೀನಿ ಅಂದ್ಕೊಂಡುಬಿಟ್ನಾ? ನಾಲ್ಕು ದಿನದಿಂದ ನನಗೇ ನನ್ನ ಮೇಲೆ ನಂಬಿಕೆ ಹೋಗಿದೆ."

ಸುಳ್ಳು ಹೇಳುವವನಾಗಿದ್ದರೆ ಹೀಗೆ ಕೇಳುತ್ತಿರಲಿಲ್ಲ ಎಂದು ಎದುವೀನಾಗೆ ಅನಿಸಿತು. ಅನಿಸಿದ್ದು ಸಾಕ್ಷಿಯಾಗುವುದಿಲ್ಲ.

ಯಾರು ಯಾವಾಗ ಏನು ಮಾಡಿದರು ಎಂಬ ಪೂರ್ತಿ ದಾಖಲೆ ಕಂಪ್ಯೂಟರಿನಲ್ಲಿ ಮೂರು ದಿನ ಮಾತ್ರ ಉಳಿಯುತ್ತಿತ್ತು. ಜಾಗ ಸಾಲದು ಅಂತ ಆಮೇಲೆ ಅಳಿಸಿಹೋಗುತ್ತದೆ. ಶುಕ್ರವಾರದ್ದು ಸೋಮವಾರವೇ ಅಳಿಸಿಹೋಗಿತ್ತು. ಉಳಿದದ್ದು ಶುಕ್ರವಾರದ ದಿನದ ವರದಿ, ಒಂದೇ ಕಾಗದ. ಪ್ರತಿ ಟವರಿಗೂ ಕಂಪ್ಯೂಟರಿನಲ್ಲಿ ಅದರ ಸಂಪರ್ಕಗಳನ್ನೆಲ್ಲ ಸಾಲುಸಾಲಾಗಿ ಬರೆದ ಒಂದು ಹಾಳೆ; ಬೆಳಗಿನ ಹಾಳೆಗೂ ಸಂಜೆಯ ಹಾಳೆಗೂ ಏನು ವ್ಯತ್ಯಾಸ ಎಂಬುದಷ್ಟೇ ವರದಿಯಲ್ಲಿರುತ್ತದೆ. ಆ ಟವರಿನ ಎದುರು ಒಂದೇ ಬದಲಾವಣೆ: ದ್ವೀಪದ ಶಾಲೆಯ ಇಂಟರ್ನೆಟ್ ವೇಗ ಹೆಚ್ಚಿಸಿದ್ದು. ಮಾಡಿದವಳು ಅದೇ ಕೋಣೆಯ ಯಾಸ್ನಾ ಕಾರ್ಕಮೊ.

ಯಾಸ್ನಾಳನ್ನು ಕರೆದರೆ ಜಗಳಕ್ಕೇ ಬಂದಳು. ತಾನು ಮುಟ್ಟಿದ್ದು ಶಾಲೆಯ ಸಾಲು ಒಂದನ್ನೇ, ದವಾಖಾನೆಯ ಸಾಲಿನ ಹತ್ತಿರಕ್ಕೂ ಹೋಗಿಲ್ಲ, ಬೇಕಾದರೆ ಕಾಗದ ನೋಡಿಕೊಳ್ಳಿ ಎಂದಳು. "ಅವನು ಮರೆತ. ಮರೆತವನು ನೆನಪಿದೆ ಅಂದ್ರೆ ನಾನೇನು ಮಾಡ್ಲಿ?"

ಸುಳ್ಳು ಹೇಳುವ ಮುಖ ಅವಳದೂ ಅಲ್ಲ.

ಐದು ಹೊಡೆಯಿತು. ಕೋಣೆಗೆ ಕೋಣೆಯೇ ಎದ್ದಿತು. ಪಕ್ಕದ ಅಡುಗೆಮನೆಯಿಂದ ಬಿಸಿ ಮಿಲ್ಕಾವೊ ರೊಟ್ಟಿಯ, ಹಂದಿ ಕೊಬ್ಬಿನ ವಾಸನೆ ಬಂತು. ಆ ಊರಲ್ಲಿ ಐದರ ಚಹಾ ತಪ್ಪಿಸುವವರಿಲ್ಲ, ಸತ್ತವರ ಮನೆಯಲ್ಲೂ ತಪ್ಪದು. ಬಾ ಎಂದು ಕರೆದರು. ಎದುವೀನಾ ಹೋಗಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಎಂಟು ಪರದೆಗಳು ಬೆಳಗುತ್ತಿದ್ದವು. ಅರ್ಧ ತುಂಬಿದ ಎಂಟು ಹಾಳೆಗಳು. ಒಬ್ಬರೂ ಮುಚ್ಚಿ ಹೋಗಿರಲಿಲ್ಲ.

ಅವಳು ಮತ್ತೆ ಕಾಗದ ಕೈಗೆತ್ತಿಕೊಂಡಳು. ಮೂಲೆಯಲ್ಲಿ ಸಣ್ಣಕ್ಷರ. ಬೆಳಿಗ್ಗೆ ಹಾಳೆಯ ಸಂಖ್ಯೆ: 117. ಸಂಜೆ: 119.

ಯಾಸ್ನಾ ಲೋಟ ಹಿಡಿದು ವಾಪಸು ಬಂದಾಗ ಎದುವೀನಾ ಕೇಳಿದಳು: "ಶುಕ್ರವಾರ ಆ ಹಾಳೆ ತೆರೆದದ್ದು ಚಹಾಕ್ಕೆ ಮೊದಲಾ, ಆಮೇಲಾ?"

"ಮೊದಲು."

"ಸೇವ್ ಮಾಡಿದ್ದು?"

"ಬಂದ ಮೇಲೆ. ಐದೂ ಐವತ್ತು ಇರಬೇಕು. ಯಾಕೆ?"

"ಆಗ ಕಂಪ್ಯೂಟರ್ ನಿನ್ನ ತಡೀಲಿಲ್ವಾ? ಬೇರೆಯವರು ಬದಲಿಸಿದಾರೆ, ಮತ್ತೆ ಓದು ಅಂತ?"

ಯಾಸ್ನಾ ನಕ್ಕಳು. "ನಾನು ಸೇರಿ ನಾಲ್ಕು ವರ್ಷ. ಒಂದು ದಿನಾನೂ ತಡೆದಿಲ್ಲ. ತುಂಬಾ ಒಳ್ಳೇ ಕಂಪ್ಯೂಟರು."

ಎಂಟು ಜನ, ಎಂಟು ತೆರೆದ ಹಾಳೆ, ನಾಲ್ಕು ವರ್ಷದ ಚಹಾ. ಒಮ್ಮೆಯೂ ತಡೆದಿಲ್ಲವೇ? ತಡೆಯಲೆಂದೇ ಆ ಸಾಫ್ಟ್‌ವೇರಿನಲ್ಲಿ ಕಾವಲು ಇದೆ. ಯಾರೋ ಅದರ ಬಾಯಿ ಕಟ್ಟಿದ್ದಾರೆ.

ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಹನ್ನೊಂದು ಸಾಲಿನ ಒಂದು ಪುಟ್ಟ ಪ್ರೋಗ್ರಾಮು. ಅವಳು ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಎಲ್ಲರನ್ನೂ ಕರೆದಳು.

ಮೊದಲು ಕಾಗದ ಮೇಜಿನ ಮೇಲಿಟ್ಟಳು. "ಪ್ರತಿ ಸಲ ಸೇವ್ ಮಾಡಿದಾಗ್ಲೂ ಹಾಳೆ ಸಂಖ್ಯೆ ಒಂದು ಏರುತ್ತೆ. ನೂರ ಹದಿನೇಳರಿಂದ ನೂರ ಹತ್ತೊಂಬತ್ತು. ಅಂದ್ರೆ ಎರಡು ಸಲ ಸೇವ್ ಆಗಿದೆ. ಕಾಣ್ತಿರೋದು ಒಂದೇ ಬದಲಾವಣೆ. ನೂರ ಹದಿನೆಂಟು ಎಲ್ಲಿ?"

ದೋನ್ ಎವರಿಸ್ತೊ ಕನ್ನಡಕ ಸರಿಮಾಡಿಕೊಂಡ.

"ನೂರ ಹದಿನೆಂಟು ರೆಮಿಹಿಯೋದು," ಎಂದಳು. ಯಾಸ್ನಾ ಚಹಾಕ್ಕೆ ಮೊದಲು ತೆರೆದದ್ದು ನೂರ ಹದಿನೇಳನ್ನು. ಎಲ್ಲರೂ ರೊಟ್ಟಿ ತಿನ್ನುತ್ತಿದ್ದಾಗ ರೆಮಿಹಿಯೋ ಅದೇ ಟವರಿನ ಹಾಳೆಯಲ್ಲಿ ದವಾಖಾನೆಯನ್ನು ಎರಡನೇ ದಾರಿಗೆ ಹಾಕಿದ. ಯಾಸ್ನಾ ಬಂದು ತನ್ನ ಹಳೆಯ ಹಾಳೆ ಸೇವ್ ಮಾಡಿದಳು. ಅವಳು ಮುಟ್ಟಿದ್ದು ಒಂದು ಸಾಲನ್ನೇ, ಆದರೆ ಟವರಿಗೆ ಹೋಗುವುದು ಇಡೀ ಹಾಳೆ. ದವಾಖಾನೆಯ ಸಾಲು ಬೆಳಿಗ್ಗೆ ಇದ್ದ ಹಾಗೇ ಆಯಿತು. ಬೆಳಿಗ್ಗೆಯೂ ಸಂಜೆಯೂ ಒಂದೇ ಆದ ಮೇಲೆ ದಿನದ ವರದಿಗೆ ಅದು ಕಾಣುವುದು ಹೇಗೆ?

ಯಾಸ್ನಾಳ ಕೈಯ ಲೋಟ ಮೇಜಿಗಿಳಿಯಿತು. "ಹಾಗಾದ್ರೆ ನಾನೇನಾ?"

"ನೀನಲ್ಲ. ಹಳೇ ಹಾಳೆ ಅಂತ ಕಂಪ್ಯೂಟರ್ ಬೇಡ ಅಂದಿತ್ತು. ಅದು ನಿನ್ನ ತನಕ ಬರ್ಲಿಲ್ಲ. ಮಧ್ಯದಲ್ಲಿ ಈ ಪ್ರೋಗ್ರಾಮು ಕೂತಿದೆ. ಬೇಡ ಅಂದ ಕೂಡ್ಲೇ ಹೊಸ ಸಂಖ್ಯೆ ಎಷ್ಟು ಅಂತ ಕೇಳುತ್ತೆ, ಹಳೇ ಹಾಳೆ ಮೇಲೇ ಅದನ್ನ ಬರೀತದೆ, ಮತ್ತೆ ಕಳಿಸುತ್ತೆ. ಒಳಗೆ ಏನು ಬದಲಾಗಿದೆ ಅಂತ ಕಣ್ಣೆತ್ತಿ ನೋಡಲ್ಲ."

ದೋನ್ ಎವರಿಸ್ತೊನಿಗೆ ನಿರಾಳವಾದಂತಿತ್ತು. ಹಾಗಾದರೆ ಸಾಫ್ಟ್‌ವೇರ್ ದೋಷ ಅಂತ ಬರೆದುಬಿಡೋಣ, ಯಾರ ಹೆಸರೂ ಬೇಡ ಎಂದು ತನ್ನ ಕಂಪ್ಯೂಟರಿನತ್ತ ತಿರುಗಿ ಕುಟ್ಟತೊಡಗಿದ.

"ಸಾಫ್ಟ್‌ವೇರಿನ ದೋಷ ಅಲ್ಲ. ಅದರ ಮಾತು ಕೇಳಿಸದ ಹಾಗೆ ಮಾಡಿದ್ದು ನಾನು."

ಎದುವೀನಾ ಪರದೆಯನ್ನು ಅವರತ್ತ ತಿರುಗಿಸಿದಳು. ಪ್ರೋಗ್ರಾಮಿನ ತಲೆಯ ಮೇಲೆ ಏಳು ವರ್ಷದ ಹಿಂದಿನ ತಾರೀಕು. ಕೆಳಗೆ ಒಂದು ಸಾಲು: *ಯಾರ ಚಹಾವೂ ಆರದಿರಲಿ. ಎ. ಬಾ.*

ಆಗ ಜನ ದಿನಾ ಗೊಣಗುತ್ತಿದ್ದರು. ಚಹಾ ಮುಗಿಸಿ ಬಂದು ಸೇವ್ ಒತ್ತಿದರೆ ಕಾವಲು ತಡೆದು, ತುಂಬಿಸಿಟ್ಟ ಮೂವತ್ತು ಸಾಲು ನೀರುಪಾಲು, ಮತ್ತೆ ಮೊದಲಿಂದ. ಒಂದು ಉಪಕಾರ ಅಂತ ಅವಳು ಮಧ್ಯಾಹ್ನವೊಂದರಲ್ಲಿ ಬರೆದುಕೊಟ್ಟಿದ್ದಳು. ಎಲ್ಲರೂ ಹರಸಿದ್ದರು. ಆಮೇಲೆ ಮರೆತೇಬಿಟ್ಟಿದ್ದಳು.

ರೆಮಿಹಿಯೋ ಪರದೆಯ ಹತ್ತಿರ ಬಂದು ಆ ಸಾಲು ಓದಿದ.

"ದೋನ್ಯಾ ಎದು, ಅದನ್ನ ಮಾಡಿಕೊಡಿ ಅಂತ ನಿಮ್ಮ ಬೆನ್ನು ಹತ್ತಿದ್ದು ನಾನಲ್ವಾ? ಮಾಡಿಕೊಟ್ಟಿದ್ದಕ್ಕೆ ಒಂದು ಮೂಟೆ ಆಲೂಗಡ್ಡೆ ತಂದ್ಕೊಟ್ಟಿದ್ದೆ."

ಅವಳಿಗೆ ನೆನಪಿತ್ತು. ಓದಿದ ಕೂಡಲೇ ನೆನಪಾಗಿತ್ತು, ಅವನ ಹೆಸರು ಬರಬಾರದೆಂದೇ ಆ ಮಾತನ್ನು ಎತ್ತಿರಲಿಲ್ಲ. ನೇರಳೆ ಸಿಪ್ಪೆಯ ಆಲೂಗಡ್ಡೆ, ಅಲ್ಕಾವೆಯದೇ.

"ಕೇಳೋರು ಕೇಳ್ತಾರೆ," ಎಂದಳು. "ಬೇಡ ಅನ್ನೋಕೆ ನಾನಿದ್ದೆ."

"ಆಲೂಗಡ್ಡೆ ಕ್ಲೋರಿಂದಾ ಹೊಲದ್ದು," ಎಂದ ರೆಮಿಹಿಯೋ. ಕೋಟು ತಗೊಂಡು ಹೊರಗೆ ಹೋದ.

ಎದುವೀನಾ ಆ ಹನ್ನೊಂದು ಸಾಲು ಅಳಿಸಿದಳು. ತಾನು ಮಧ್ಯಾಹ್ನದಿಂದ ತೆರೆದಿಟ್ಟಿದ್ದ ವರದಿಯಲ್ಲಿ ರೆಮಿಹಿಯೋನ ಹೆಸರು ತೆಗೆದು ತನ್ನದನ್ನು ಬರೆದಳು. ಆರಕ್ಕೆ ನಾಲ್ಕು ನಿಮಿಷವಿತ್ತು. ಸೇವ್ ಒತ್ತಿದಳು.

ಕಂಪ್ಯೂಟರ್ ಬೇಡ ಅಂದಿತು. *ನೀವು ತೆರೆದ ನಂತರ ಬೇರೆಯವರು ಇದನ್ನು ಬದಲಿಸಿದ್ದಾರೆ. ಮತ್ತೆ ಓದಿ.*

ದೋನ್ ಎವರಿಸ್ತೊನ 'ಸಾಫ್ಟ್‌ವೇರ್ ದೋಷ' ಅದೇ ವರದಿಗೆ ಮೊದಲೇ ಸೇರಿಹೋಗಿತ್ತು. ಏಳು ವರ್ಷದಲ್ಲಿ ಆ ಕೋಣೆಗೆ ಬಂದ ಮೊದಲ ಎಚ್ಚರಿಕೆ. ಕಿಟಕಿಯಾಚೆ ಕಟ್ಟೆಯ ತುದಿಯಲ್ಲಿ ರೆಮಿಹಿಯೋ ಆರೂವರೆ ದೋಣಿಯ ಮುಂದೆ ನಿಂತಿದ್ದ. ದೋಣಿಯವನು ಅವನತ್ತ ನೋಡದೆ ಹಗ್ಗ ಸುತ್ತುತ್ತಿದ್ದ. ತಪ್ಪು ರೆಮಿಹಿಯೋನದಲ್ಲ ಎಂದು ದೋಣಿಯವನಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಹೇಳಿದರೂ ನಂಬುವವರಾರು?

ಅವಳು ವರದಿಯನ್ನು ಮತ್ತೆ ತೆರೆದಳು. ಮೊದಲ ಸಾಲಿನಿಂದ ಓದತೊಡಗಿದಳು. ಮೃತಳ ಹೆಸರು: ಕ್ಲೋರಿಂದಾ. ವಯಸ್ಸು: ಐವತ್ತೆರಡು. ಮಾಡಿದ ಕರೆಗಳ ಸಂಖ್ಯೆ: ಹದಿನೇಳು.